ತಾಗಿದವರೇ ಹೇಳಬೇಕು

ಅರಂತೋಡು
3 ಜೂನ್ 2024

ಪ್ರೀತಿಯ ತನ್ಮಯೀ,

ಕಾಗದ ನೋಡಿ ಹೆದರಬೇಡ, ಯಾರಿಗೂ ಏನೂ ಆಗಲಿಲ್ಲ. ತಲೆಗೆ ಪೆಟ್ಟಾದವರು ಮೊಬೈಲು, ಟಿವಿ ನೋಡಬಾರದು, ಫೋನು ಕಿವಿಗಿಟ್ಟು ಮಾತಾಡಲೂಬಾರದು ಎಂದು ಮಂಗಳೂರಿನ ಡಾಕ್ಟರು ಅಪ್ಪನ ಎದುರಿಗೇ ಹೇಳಿಬಿಟ್ಟರು. ಅಪ್ಪ ನನ್ನ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಿದ್ದಾರೆ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಇಡುತ್ತಾರಲ್ಲ, ತಲೆಗೆ ಪೆಟ್ಟಾದ ಮಗಳ ಫೋನಿಗೂ ಅದೇ ಮದ್ದು ಎಂದುಕೊಂಡಿರಬೇಕು. ಬರೆಯಲು ಮಾತ್ರ ಅಡ್ಡಿಯಿಲ್ಲವಂತೆ, ತಲೆ ನೋಯಲು ಶುರುವಾಗುವವರೆಗೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಪಿಯುಸಿ ಪರೀಕ್ಷೆ ಬರೆದ ಮೇಲೆ ನಾನು ಇಷ್ಟು ಕನ್ನಡ ಬರೆಯುವುದು ಇದೇ ಮೊದಲು. ತಪ್ಪಿಗೆಲ್ಲ ಕೆಂಪು ಶಾಯಿ ಹಾಕಿ ವಾಪಸು ಕಳಿಸಬೇಡ ಟೀಚರಮ್ಮ.

ನೋಡಲು ಬಂದವರಿಗೆ ಏನಾಯಿತು ಎಂದು ವಿವರಿಸುವುದೇ ಇಲ್ಲಿ ದೊಡ್ಡ ಕೆಲಸ. ಸ್ಕೂಟರಿನಿಂದ ಬಿದ್ದೆ ಎಂದರೆ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಅಪ್ಪ ಸುಳ್ಳು ಹೇಳುವ ಜನ ಅಲ್ಲ. ನರಿಮೊಗರಿನ ಹಳೆ ಅಕ್ಕಿ ಮಿಲ್ಲಿನಲ್ಲಿ ಭಾನುವಾರ ಭಾನುವಾರ ನಾಲ್ಕು ಜನ ಸೇರಿ ಯುರೋಪಿನವರ ನೂರಾರು ವರ್ಷ ಹಿಂದಿನ ಕತ್ತಿ ವಿದ್ಯೆ ಅಭ್ಯಾಸ ಮಾಡುತ್ತಾರೆ, ಹಳೆ ಪುಸ್ತಕದ ಚಿತ್ರ ನೋಡಿ ಕಲಿತದ್ದು, ಮೊಂಡು ಕತ್ತಿ, ಮಾಸ್ಕೂ ಇತ್ತು, ಆದರೂ ತಾಗಿತು ಎಂದು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾರೆ. ಕೇಳಿದವರು ನನ್ನ ತಲೆಗೆ ಮೊದಲೇ ಏನೋ ಆಗಿತ್ತು ಎಂದುಕೊಂಡು ಚಾ ಕುಡಿದು ಹೋಗುತ್ತಾರೆ.

ನರ್ಸರಿಗೆ ಹೋಗಲು ಬಿಡುವುದಿಲ್ಲ. ಬಿಸಿಲು ಆಗದಂತೆ, ಬಗ್ಗಲೂಬಾರದಂತೆ. ಈಗ ಗಿಡ ಮಾರುವ ಹೊತ್ತು ಬೇರೆ. ನಾನು ಕಸಿ ಕಟ್ಟಿಟ್ಟ ಕಾಳುಮೆಣಸಿನ ಗಿಡಗಳಿಗೆ ಅಪ್ಪ ನೀರು ಹೊಯ್ಯುವ ಅಂದ ನೋಡಿದರೆ ತಲೆನೋವು ಇನ್ನೂ ಜಾಸ್ತಿಯಾಗುತ್ತದೆ.

ಒಂದು ವಿಷಯ ಕೇಳಬೇಕು. ಆ ದಿನ ಏನಾಯಿತು? ಹತ್ತಿ ತುಂಬಿದ ಅಂಗಿಯ ಲಾಡಿ ಕಟ್ಟಿಕೊಂಡದ್ದು, ಝುಲೈಖಾ ಏನೋ ಹೇಳಿ ನಗಿಸಿದ್ದು, ನಾನು ನಗುತ್ತಾ ಮಾಸ್ಕ್ ಎಳೆದುಕೊಂಡದ್ದು ನೆನಪುಂಟು. ಅದರ ನಂತರ ಆಸ್ಪತ್ರೆಯ ಫ್ಯಾನು. ನಡುವೆ ಏನೂ ಇಲ್ಲ. ನಮ್ಮ ಕ್ಲಾಸಿಗೆ ಬರುವುದು ನಾಲ್ಕೇ ಜನ, ನಿನ್ನ ಜೊತೆ ಆಡುತ್ತಿದ್ದೆ ಎಂದು ಮಾತ್ರ ಗೊತ್ತುಂಟು.

ನೋವಿಗೆ ನಾನು ಹೆದರುವವಳಲ್ಲ, ನಿನಗೇ ಗೊತ್ತು. ಇನ್ನೊಮ್ಮೆ ನಿನ್ನ ಎದುರು ಕತ್ತಿ ಹಿಡಿದು ನಿಲ್ಲಲು ಆಗುತ್ತದೋ ಇಲ್ಲವೋ, ನನಗಿರುವ ಹೆದರಿಕೆ ಅದೊಂದೇ. ನನಗಾಗಿ ಕ್ಲಾಸು ನಿಲ್ಲಿಸಬೇಡಿ. ನವರಾತ್ರಿಯ ಒಳಗೆ ಬರುತ್ತೇನೆ.

ನಿನ್ನ
ಮೋಕ್ಷಿ


ನರಿಮೊಗರು
15 ಜೂನ್ 2024

ಪ್ರಿಯ ಮೋಕ್ಷಿ,

ನಿನ್ನ ಕಾಗದ ಸಿಕ್ಕಿತು. ಓದಲು ಕಷ್ಟವಾಗದಿರಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ತಲೆ ನೋಯಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ ಉಳಿದದ್ದನ್ನು ಮರುದಿನ ಓದು.

ಕ್ಲಾಸು ನಡೆಯುತ್ತಿದೆ. ಅಭಿರಾಮ್ ಇಚಿಲಂಪಾಡಿಯಿಂದ ಬೈಕಿನಲ್ಲಿ ಒದ್ದೆಯಾಗಿ ಬರುತ್ತಾನೆ, ಮೊದಲ ಅರ್ಧ ಗಂಟೆ ಅಂಗಿ ಹಿಂಡುವುದರಲ್ಲೇ ಹೋಗುತ್ತದೆ. ಝುಲೈಖಾಳಿಗೆ ಮೆಡಿಕಲ್ ಶಾಪಿನಲ್ಲಿ ಈಗ ಭಾನುವಾರವೂ ಅರ್ಧ ದಿನ ಕೆಲಸವಂತೆ, ಆದರೂ ತಪ್ಪಿಸುವುದಿಲ್ಲ. ನೀನು ಇಲ್ಲದ ಕಾರಣ ನಾನು ಇಬ್ಬರ ಜೊತೆಯೂ ಆಡುತ್ತೇನೆ.

ಆ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚು ಇಲ್ಲ. ಆಟದ ನಡುವೆ ನನ್ನ ಏಟು ನಿನ್ನ ಮಾಸ್ಕಿನ ಎಡಬದಿಗೆ, ಕಿವಿಯ ಮೇಲ್ಭಾಗಕ್ಕೆ ಬಿತ್ತು. ನೀನು ಕುಸಿದೆ. ಅಭಿರಾಮನ ಚಿಕ್ಕಪ್ಪನ ಜೀಪಿನಲ್ಲಿ ಕರೆದುಕೊಂಡು ಹೋದೆವು. ಅಷ್ಟೆ.

ನಿನ್ನನ್ನು ನೋಡಲು ಬರಬೇಕೆಂದುಂಟು. ಶಾಲೆ ಶುರುವಾಗಿದೆ, ಒಂಬತ್ತನೆಯ ತರಗತಿಯ ಗಣಿತದ ಜೊತೆ ಈ ವರ್ಷ ಹತ್ತನೆಯದ್ದೂ ನನ್ನ ತಲೆಗೇ ಬಂದಿದೆ. ಸ್ವಲ್ಪ ಬಿಡುವಾಗಲಿ.

ಅಪ್ಪನಿಗೆ ನಮಸ್ಕಾರ ತಿಳಿಸು.

ಇಂತಿ
ತನ್ಮಯೀ


ಅರಂತೋಡು
8 ಜುಲೈ 2024

ಪ್ರೀತಿಯ ತನ್ಮಯೀ,

ಅಷ್ಟೆ ಎಂದು ಬರೆದಿದ್ದೀಯ. ಒಂದು ತಿಂಗಳು ಮಲಗಿ ಯೋಚಿಸಿದವಳಿಗೆ ಮೂರು ಸಾಲಿನ ಉತ್ತರ. ಇರಲಿ, ಗಣಿತದವರು ಲೆಕ್ಕದ ಹಂತ ತೋರಿಸದೆ ಉತ್ತರ ಮಾತ್ರ ಬರೆದರೆ ಅಂಕ ಕಳೆಯುವುದು ನೀವೇ ತಾನೆ?

ನನಗೆ ಒಳ್ಳೆಯದಾಗುತ್ತಿದೆ. ಮಿಕ್ಸಿಯ ಸದ್ದು ಮಾತ್ರ ಇನ್ನೂ ಆಗುವುದಿಲ್ಲ, ಹಾಗಾಗಿ ಅಮ್ಮ ಚಟ್ನಿಯನ್ನು ಕಲ್ಲಿನಲ್ಲಿ ಕಡೆಯುತ್ತಾರೆ. ಮನೆಯವರೆಲ್ಲ ರುಚಿಯೆಂದು ತಿನ್ನುತ್ತಾರೆ. ನನ್ನ ಪೆಟ್ಟಿನಿಂದ ಲಾಭವಾದದ್ದು ಅದೊಂದು.

ಯಾರೂ ಇಲ್ಲದ ಹೊತ್ತು ನೋಡಿ ಪಿಕ್ಕಾಸಿನ ಹಳೆ ಕಾವು ಹಿಡಿದು ಅಂಗಳದಲ್ಲಿ ನಿಲ್ಲುತ್ತೇನೆ. ಎತ್ತಿನ ನಿಲುವು, ನೇಗಿಲಿನ ನಿಲುವು, ಪೆದ್ದನ ನಿಲುವು. ಬೀಸುವುದಿಲ್ಲ, ಸುಮ್ಮನೆ ನಿಲ್ಲುವುದು. ಒಮ್ಮೆ ಅಪ್ಪನ ಕೈಗೆ ಸಿಕ್ಕಿಬಿದ್ದೆ. ಆ ಹೆಸರುಗಳೆಲ್ಲ ಜರ್ಮನಿಯ ಹಳೆ ಗುರುಗಳು ಇಟ್ಟದ್ದು ಎಂದು ವಿವರಿಸಿದೆ. ಅಪ್ಪ ಅರೆಭಾಷೆಯಲ್ಲಿ ಹೇಳಿದ್ದನ್ನು ನಿನಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ: "ಎತ್ತು ಉಂಟು, ನೇಗಿಲು ಉಂಟು, ಪೆದ್ದನೂ ಉಂಟು. ಗದ್ದೆ ಒಂದು ಇಲ್ಲ."

ಒಂದು ತಮಾಷೆ ಗಮನಿಸಿದೆ. ತಲೆಯ ಮೇಲೆ ಕತ್ತಿ ಎತ್ತಿ ನಿಲ್ಲುವ ನಿಲುವು ಉಂಟಲ್ಲ, ಅದನ್ನು ನಾನು ಭುಜದ ಹತ್ತಿರವೇ ನಿಲ್ಲಿಸುತ್ತೇನೆ. ಮಿಲ್ಲಿನ ಜಂತಿಗೆ ತಾಗುತ್ತದೆ ಎಂದು ಅಭ್ಯಾಸ ಮಾಡಿಕೊಂಡದ್ದು. ಈಗ ಅಂಗಳದಲ್ಲಿ ತಲೆಯ ಮೇಲೆ ಜಂತಿಯೂ ಇಲ್ಲ, ಮಾಡೂ ಇಲ್ಲ, ಆದರೂ ಕೈ ಮೇಲೆ ಹೋಗುವುದಿಲ್ಲ. ಹೊರಗಿನವರ ಜೊತೆ ಆಡಿದ್ದರೆ ನಮ್ಮ ನಾಲ್ವರನ್ನೂ ನೋಡಿ ಇವರಿಗೆಲ್ಲ ಎಂತ ಭುಜನೋವಾ ಎಂದು ಕೇಳುತ್ತಿದ್ದರು.

ಮೊನ್ನೆ ಪುನಃ ಮಂಗಳೂರಿಗೆ ಹೋಗಿ ಬಂದೆವು. ಗಾಯ ಚೆನ್ನಾಗಿ ಮಾಗುತ್ತಿದೆ ಎಂದರು ಡಾಕ್ಟರು. ಇನ್ನೂ ಏನೇನೋ ಹೇಳಿದರು, ಡಾಕ್ಟರುಗಳು ಹೇಳುವುದು ಇದ್ದದ್ದೇ. ನವರಾತ್ರಿಗೆ ಬಂದೇ ಬರುತ್ತೇನೆ, ಇಬ್ಬರೂ ಮೊದಲಿನ ಹಾಗೆ ಆಡುವಾ.

ಮಳೆಗಾಲ ಇದು, ಕತ್ತಿಗಳಿಗೆ ಎಣ್ಣೆ ಹಚ್ಚುತ್ತಿದ್ದೀರಾ? ನನ್ನದಕ್ಕೂ ಹಚ್ಚಲು ಹೇಳು. ಮತ್ತೆ ಹತ್ತನೆಯ ತರಗತಿಯವರಿಗೆ ಸ್ವಲ್ಪ ರಜೆ ಕೊಟ್ಟು ಒಮ್ಮೆ ಇತ್ತ ಬಾ ಮಾರಾಯ್ತಿ. ಬಸ್ಸು ಮನೆಯ ಎದುರೇ ನಿಲ್ಲುತ್ತದೆ.

ನಿನ್ನ
ಮೋಕ್ಷಿ


ನರಿಮೊಗರು
28 ಜುಲೈ 2024, ಭಾನುವಾರ

ಪ್ರಿಯ ಮೋಕ್ಷಿ,

ಈಗಷ್ಟೇ ಕ್ಲಾಸು ಮುಗಿಸಿ ಬಂದು ಬರೆಯಲು ಕೂತೆ. ನೀನು ಕೇಳಿದ್ದಕ್ಕೆ ಇವತ್ತಿನದ್ದನ್ನು ಪೂರ್ತಿ ಬರೆಯುತ್ತೇನೆ.

ಮೊದಲು ಹೆಜ್ಜೆಗಳು. ಮಿಲ್ಲಿನ ಮೂಲೆಯಲ್ಲಿ ಸೋರುತ್ತದೆ, ಹಾಗಾಗಿ ಬಾಗಿಲಿನ ಬದಿಗೆ ಬಂದು ಅಭ್ಯಾಸ ಮಾಡಿದೆವು. ಆಮೇಲೆ ಕತ್ತಿಗೆ ಕತ್ತಿ ಕೂಡಿಸಿ ನಿಂತು ಎದುರಿನವರ ಕೈ ಬಿಗಿಯೋ ಸಡಿಲವೋ ಎಂದು ಕಣ್ಣಿನಿಂದಲ್ಲದೆ ಕೈಯಿಂದ ತಿಳಿಯುವ ಪಾಠ. ಅಭಿರಾಮ್ ಯಾವಾಗಲೂ ಬಿಗಿ. ಝುಲೈಖಾ ಬಿಗಿ ಹಿಡಿದ ಹಾಗೆ ಮಾಡಿ ಸರಕ್ಕನೆ ಬಿಟ್ಟುಬಿಡುತ್ತಾಳೆ, ಅವನು ಮುಗ್ಗರಿಸುತ್ತಾನೆ. ಅಭಿರಾಮನ ಅಡ್ಡ ಏಟು ಸುಧಾರಿಸಿದೆ. ಕೊನೆಗೆ ಎಲ್ಲರೂ ಸೇರಿ ಕತ್ತಿಗಳನ್ನು ಒರೆಸಿ ಎಣ್ಣೆ ಹಚ್ಚಿ ಇಟ್ಟೆವು. ನಿನ್ನದಕ್ಕೆ ನಾನೇ ಹಚ್ಚಿದೆ.

ನವರಾತ್ರಿಗೆ ಬರುತ್ತೇನೆ ಎಂದು ಓದಿ ಸಂತೋಷವಾಯಿತು. ಅವಸರ ಮಾಡಬೇಡ. ನೀನು ಬರುವವರೆಗೆ ಎಲ್ಲವೂ ಹೀಗೇ ಇರುತ್ತದೆ.

ಇಂತಿ
ತನ್ಮಯೀ


ಅರಂತೋಡು
19 ಆಗಸ್ಟ್ 2024

ತನ್ಮಯೀ,

ನಿನ್ನೆ ಝುಲೈಖಾ ಬಂದಿದ್ದಳು.

ನೀನು ಬಹಳ ಚೆನ್ನಾಗಿ ಬರೆಯುತ್ತೀಯ. ಸೋರುವ ಮೂಲೆ, ಮುಗ್ಗರಿಸುವ ಅಭಿರಾಮ್, ನನ್ನ ಕತ್ತಿಗೆ ನೀನೇ ಹಚ್ಚಿದ ಎಣ್ಣೆ. ನಾನು ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಝುಲೈಖಾಳಿಗೆ ಓದಿ ಹೇಳಿದೆ, ಅವಳು ನಗುತ್ತಾಳೆ ಎಂದುಕೊಂಡು. ಅವಳು ನಗಲಿಲ್ಲ.

ಮೇ ತಿಂಗಳ ಆ ಭಾನುವಾರದ ನಂತರ ಮಿಲ್ಲಿನ ಬೀಗ ತೆಗೆದೇ ಇಲ್ಲವಂತೆ. ಅವಳು ತನ್ನ ಅಂಗಿಯ ಹೊಲಿಗೆ ಬಿಟ್ಟದ್ದನ್ನು ಸರಿಮಾಡಲು ಕೊಂಡುಹೋಗೋಣ ಎಂದು ಹೋಗಿ, ಬೀಗ ನೋಡಿ, ಕಿಟಕಿಯಿಂದ ಇಣುಕಿದಳಂತೆ. ಗೋಡೆಗೆ ಒರಗಿಸಿದ ನಾಲ್ಕೂ ಕತ್ತಿಗಳು ಕೆಂಪಗೆ ತುಕ್ಕು ಹಿಡಿದಿದ್ದವಂತೆ. ಕೀ ಕೇಳಲು ನಿನಗೆ ಎಷ್ಟೋ ಸಲ ಫೋನು ಮಾಡಿದಳಂತೆ, ನೀನು ಎತ್ತಲಿಲ್ಲ.

ಆಮೇಲೆ ಆ ದಿನದ ವಿಷಯ ಬಂತು. ನನಗೆ ಗೊತ್ತಿದೆ ಎಂದುಕೊಂಡೇ ಹೇಳಿದಳು, ಪಾಪ, ಅವಳ ತಪ್ಪಲ್ಲ. "ಫಸ್ಟಿದ್ದು ತಾಗಿದ ಮೇಲೆ ನೀನು ಸುಮ್ಮನೆ ನಿಂತದ್ದು ಮಾರಾಯ್ತಿ. ಕೈ ಎತ್ತಲಿಲ್ಲ, ಎಂತದೂ ಹೇಳಲಿಲ್ಲ. ತನ್ಮಯೀ ಸ್ವಲ್ಪ ಕಾದಳು. ಮತ್ತೆ ಅದೇ ಜಾಗಕ್ಕೆ ಇನ್ನೊಂದು ಕೊಟ್ಟಳು, ಜೋರು."

ನಮ್ಮಲ್ಲಿ ತೀರ್ಪು ಹೇಳುವವರು ಇಲ್ಲ. ನಾಲ್ಕೇ ಜನ, ಯಾರನ್ನು ತೀರ್ಪಿಗೆ ನಿಲ್ಲಿಸುವುದು ಎಂದು ನೀನೇ ಮೊದಲ ದಿನ ನಿಯಮ ಮಾಡಿದೆ. ಏಟು ತಾಗಿದರೆ ತಾಗಿಸಿಕೊಂಡವರು ಎಡಗೈ ಎತ್ತಿ ಹೇಳಬೇಕು, ಅಲ್ಲಿಗೆ ಆಟ ನಿಲ್ಲಬೇಕು. ಹೊಡೆದವರು ಕೇಳುವಂತಿಲ್ಲ, ನೋಡುವವರು ಬಾಯಿ ಹಾಕುವಂತಿಲ್ಲ. ಮಿಲ್ಲಿನ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದೂ ನೀನೇ, ತಾಗಿದವರೇ ಹೇಳಬೇಕು ಎಂದು. ಇಷ್ಟು ವರ್ಷದಲ್ಲಿ ನಾನು ಒಂದು ಸಲವಾದರೂ ತಾಗಿದ್ದನ್ನು ತಾಗಲಿಲ್ಲ ಎಂದದ್ದು ಉಂಟಾ? ಅಂಗಿಯ ತುದಿಗೆ ಸವರಿಕೊಂಡು ಹೋದದ್ದಕ್ಕೂ ಕೈ ಎತ್ತಿದವಳು ನಾನು.

ಆ ದಿನ ನಾನು ಹೇಳದೆ ನಿಂತದ್ದು ಹೇಳುವ ಶಕ್ತಿ ಇಲ್ಲದೆ. ನಿನಗೆ ಮಾತ್ರ ನಾನು ಏಟು ನುಂಗಿಕೊಂಡು ಮೋಸ ಮಾಡುತ್ತಿದ್ದೇನೆ ಎಂದು ಕಂಡಿತು. ಎರಡನೆಯ ಏಟಿನ ನೋವು ನನಗೆ ನೆನಪಿಲ್ಲ, ಅದರ ಬಗ್ಗೆ ನನಗೆ ಏನೂ ಇಲ್ಲ. ನೀನು ಹಾಗೆ ಅಂದುಕೊಂಡೆಯಲ್ಲ, ಅದೇ ನೋಯುತ್ತದೆ.

ಫೋನು ಅಕ್ಕಿ ಡಬ್ಬಿಯಿಂದ ಹೊರಗೆ ಬಂದಿದೆ. ಆದರೂ ನಾನು ಮಾಡುವುದಿಲ್ಲ.

ಮೋಕ್ಷಿತಾ


ಅರಂತೋಡು
12 ಸೆಪ್ಟೆಂಬರ್ 2024

ತನ್ಮಯೀ,

ನೀನು ಉತ್ತರ ಬರೆಯಲಿಲ್ಲ. ಬರೆಯಲಾರೆ ಎಂದು ಗೊತ್ತಿತ್ತು. ಚೌತಿಯೂ ಕಳೆಯಿತು. ಸಿಟ್ಟು ಪೂರ್ತಿ ಇಳಿದ ಮೇಲೆ ಬರೆಯೋಣ ಎಂದು ಕಾದರೆ ಅದು ಇಳಿಯುವ ಅಂದಾಜು ಕಾಣುವುದಿಲ್ಲ, ಹಾಗಾಗಿ ಅದನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊನ್ನೆ ಅಪ್ಪನೂ ನಾನೂ ನರ್ಸರಿಯಲ್ಲಿ ಜಾಯಿಕಾಯಿ ಗಿಡಗಳಿಗೆ ಮಣ್ಣು ಬದಲಿಸುತ್ತಿದ್ದೆವು. ನನಗೀಗ ನೆರಳಿನಲ್ಲಿ ಕೂತು ಮಾಡುವ ಕೆಲಸಕ್ಕೆ ಅಪ್ಪಣೆಯಾಗಿದೆ. ನಿನ್ನ ಬಗ್ಗೆ ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಂಬಿಕೆ ಇಲ್ಲದವಳು ಎಂದೆ, ತಿಂಗಳುಗಟ್ಟಲೆ ಸುಳ್ಳು ಬರೆದಳು ಎಂದೆ. ಅಪ್ಪ ಎಲ್ಲ ಕೇಳಿದರು. ಕೊನೆಗೆ, ಡಾಕ್ಟರು ಹೇಳಿದ್ದನ್ನು ನೀನು ಆ ಹುಡುಗಿಗೆ ಬರೆದಿದ್ದೀಯಾ ಎಂದು ಒಂದೇ ಮಾತು ಕೇಳಿದರು. ನಾನು ಇಲ್ಲವೆಂದೆ. ಅಪ್ಪ ಇನ್ನೊಂದು ಬುಟ್ಟಿ ಮಣ್ಣು ತರಲು ಹೋದರು.

ಹಾಗಾಗಿ ಈಗ ಬರೆಯುತ್ತೇನೆ. ಜುಲೈಯಲ್ಲಿ ಡಾಕ್ಟರು ಏನೇನೋ ಹೇಳಿದರು ಎಂದು ಬರೆದಿದ್ದೆನಲ್ಲ, ಅವರು ಏನೇನೋ ಹೇಳಲಿಲ್ಲ, ಒಂದೇ ಹೇಳಿದ್ದು. ನನ್ನ ತಲೆಗೆ ಇನ್ನು ಒಂದು ಪೆಟ್ಟೂ ಬೀಳಬಾರದು, ಮಾಸ್ಕ್ ಹಾಕಿಕೊಂಡೂ ಬಾರದು, ಹಾಗಾಗಿ ಆಟ ಇಲ್ಲಿಗೆ ಮುಗಿಯಿತು, ಈ ವರ್ಷಕ್ಕೆ ಮಾತ್ರವಲ್ಲ, ಎಂದಿಗೂ. ನವರಾತ್ರಿಗೆ ಮೊದಲಿನ ಹಾಗೆ ಆಡುವಾ ಎಂದು ನಾನು ಬರೆದದ್ದು ಅದನ್ನು ಕೇಳಿ ಬಂದ ಮೇಲೆ. ನೀನು ಬೀಗ ಹಾಕಿದ ಮಿಲ್ಲಿನಲ್ಲಿ ಕ್ಲಾಸು ನಡೆಸುತ್ತಿದ್ದೆ, ನಾನು ಮುಗಿದುಹೋದ ಆಟಕ್ಕೆ ದಿನ ಗೊತ್ತು ಮಾಡುತ್ತಿದ್ದೆ.

ನಿನಗೆ ಗೊತ್ತಾದರೆ ಕ್ಲಾಸು ನಿಲ್ಲಿಸುತ್ತೀಯ ಎಂದು ಹೆದರಿ ಬರೆಯಲಿಲ್ಲ. ಅದು ಮೊದಲೇ ನಿಂತಿತ್ತು ಎಂದು ನನಗೇನು ಗೊತ್ತು?

ಎಂದೂ ಮುಚ್ಚಿಟ್ಟವಳಲ್ಲ ಎಂದು ಕಳೆದ ಕಾಗದದಲ್ಲಿ ಅಷ್ಟು ಜಂಬದಿಂದ ಬರೆದೆ. ಮೇ ತಿಂಗಳಲ್ಲಿ ಮುಚ್ಚಿಡಲಿಲ್ಲ ಎಂಬುದು ಸತ್ಯವೇ. ಜುಲೈಯಲ್ಲಿ ಮುಚ್ಚಿಟ್ಟೆ. ನನಗೆ ಬಹಳ ಬೇಸರವಾಗಿದೆ ತನ್ಮಯೀ. ರಾತ್ರಿ ಹಗಲು ಅದೇ ಯೋಚನೆ. ಹೇಳಿಕೊಳ್ಳಲು ಇದ್ದವಳು ನೀನೊಬ್ಬಳು, ನಿನಗೇ ಹೇಳಲಿಲ್ಲ.

ಮೋಕ್ಷಿ


ನರಿಮೊಗರು
20 ಸೆಪ್ಟೆಂಬರ್ 2024

ಮೋಕ್ಷಿ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಒಡೆದೆ. ಮನೆಗೆ ಹೋಗಿ ಒಡೆಯಬೇಕಿತ್ತು.

ಝುಲೈಖಾ ಹೇಳಿದ್ದು ಸರಿ. ನಾನು ಸ್ವಲ್ಪ ಕಾದೆ ಎಂದು ಅವಳು ಹೇಳಿದ್ದು ಮಾತ್ರ ನನ್ನ ಮೇಲಿನ ಪ್ರೀತಿಯಿಂದ. ನಾನು ಕಾಯಲಿಲ್ಲ. ಕಾದಿದ್ದರೆ ನಿನ್ನ ಕತ್ತಿಯ ತುದಿ ನೆಲಕ್ಕೆ ಇಳಿಯುತ್ತಿದ್ದದ್ದು ಕಾಣುತ್ತಿತ್ತು. ಅದಕ್ಕಿಂತ ಹಿಂದಿನ ಭಾನುವಾರಗಳಲ್ಲೆಲ್ಲ ನೀನು ನನ್ನನ್ನು ಸೋಲಿಸಿದ್ದೆ, ನಿನಗೆ ಕಲಿಸಿದವಳು ನಾನು. ಸಿಟ್ಟು ಮೊದಲೇ ಒಳಗಿತ್ತು. ನೀನು ಕೈ ಎತ್ತದೆ ನಿಂತದ್ದು ಅದಕ್ಕೊಂದು ದಾರಿಯಾಯಿತು.

ಕ್ಲಾಸಿನ ಬಗ್ಗೆ ಬರೆದದ್ದೆಲ್ಲ ಸುಳ್ಳು. ಆದರೆ ಬರೆಯುವ ಹೊತ್ತಿನಲ್ಲಿ ನನಗೆ ಸಮಾಧಾನವಾಗುತ್ತಿತ್ತು. ನೀನು ಓದುವಾಗಲಾದರೂ ಮಿಲ್ಲು ತೆರೆದಿರಲಿ ಎಂದು ಅನಿಸುತ್ತಿತ್ತು.

ನಿನ್ನ ಮನೆಗೆ ಬಾರದೆ ಇದ್ದದ್ದು ಶಾಲೆಯ ಕೆಲಸದಿಂದಲ್ಲ. ಎರಡು ಸಲ ಸುಳ್ಯದವರೆಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ವಾಪಸು ಹೋದೆ. ಕತ್ತಿ ಹಿಡಿಯುವುದು ನನ್ನಿಂದ ಇನ್ನು ಆಗುವುದಿಲ್ಲ. ಮನೆಯಲ್ಲಿ ಹಿಡಿಸೂಡಿ ಎತ್ತಿ ಜೇಡರ ಬಲೆ ತೆಗೆಯುವಾಗಲೂ ಹತ್ತಿರ ಯಾರಾದರೂ ಬಂದರೆ ಅದನ್ನು ಕೆಳಗಿಟ್ಟುಬಿಡುತ್ತೇನೆ. ಶಾಲೆಯಲ್ಲಿ ಪ್ರಶ್ನೆ ಕೇಳಿದಾಗ ಮಕ್ಕಳು ಉತ್ತರ ಹೇಳದೆ ನಿಂತರೆ ಮೊದಲೆಲ್ಲ ಗದರಿಸುತ್ತಿದ್ದೆ, ಈಗ ಸುಮ್ಮನೆ ಕಾಯುತ್ತೇನೆ. ಟೀಚರಿಗೆ ಏನಾಗಿದೆ ಎಂದು ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ.

ಮಿಲ್ಲಿನ ಕೀಯನ್ನು ಝುಲೈಖಾಳಿಗೆ ಕೊಡುತ್ತೇನೆ. ಅವಳೂ ಅಭಿರಾಮನೂ ನಡೆಸಲಿ.

ಡಾಕ್ಟರು ಹೇಳಿದ್ದನ್ನು ಓದಿದ ಮೇಲೆ ಕ್ಷಮಿಸು ಎಂದು ಬರೆಯಲು ಪೆನ್ನು ಹೋಗುವುದಿಲ್ಲ. ಅದು ಬಹಳ ಸಣ್ಣ ಮಾತು.

ತನ್ಮಯೀ


ಅರಂತೋಡು
27 ಸೆಪ್ಟೆಂಬರ್ 2024

ತನ್ಮಯೀ,

ಸಣ್ಣ ಮಾತಾದರೂ ಬರೆಯಬಹುದಿತ್ತು. ನಾನೇನು ಬೇಡ ಎನ್ನುತ್ತಿದ್ದೆನಾ?

ಕೀ ಯಾರಿಗೂ ಕೊಡಬೇಡ. ಆಯುಧ ಪೂಜೆ ಹತ್ತಿರ ಬಂತು. ಇಲ್ಲಿ ಅಪ್ಪ ಕಸಿ ಕಟ್ಟುವ ಚೂರಿಗಳಿಂದ ಹಿಡಿದು ಮದ್ದು ಬಿಡುವ ಪಂಪಿನವರೆಗೆ ಎಲ್ಲ ತೊಳೆಯಲು ಶುರುಮಾಡಿದ್ದಾರೆ. ಇಡೀ ಪುತ್ತೂರು ಸುಳ್ಯದಲ್ಲಿ ನಿಜವಾದ ಕತ್ತಿ ಹಿಡಿದು ಅಭ್ಯಾಸ ಮಾಡುವ ನಾವು ನಾಲ್ಕು ಜನ, ನಮ್ಮ ಕತ್ತಿಗಳೇ ತುಕ್ಕು ಹಿಡಿದು ಮೂಲೆಯಲ್ಲಿ ಬಿದ್ದಿವೆ. ತುಕ್ಕಿಗೆ ಕುಂಕುಮ ಇಟ್ಟರೆ ಎರಡೂ ಒಂದೇ ಬಣ್ಣ, ಗೊತ್ತಾಗುವುದಿಲ್ಲ ಎಂದುಕೊಂಡೆಯಾ?

ಅಕ್ಟೋಬರ್ ಆರು, ಭಾನುವಾರ, ನಾನು ಮಿಲ್ಲಿಗೆ ಬರುತ್ತೇನೆ. ಝುಲೈಖಾಳಿಗೆ ಹೇಳಿದ್ದೇನೆ, ಸುಳ್ಯದಿಂದ ಅವಳ ಜೊತೆ ಬರುವುದು. ಅಭಿರಾಮನಿಗೆ ತುಕ್ಕು ಉಜ್ಜುವ ಮರಳುಕಾಗದ ತರಲು ಹೇಳು, ತೆಂಗಿನೆಣ್ಣೆ ನಾನು ತರುತ್ತೇನೆ.

ಡಾಕ್ಟರನ್ನು ಇನ್ನೊಮ್ಮೆ ಕೇಳಿದೆ. ಏಟಿನ ಆಟ ಇಲ್ಲವೆಂದರೆ ಇಲ್ಲ. ಮರದ ಕತ್ತಿ ಹಿಡಿದು ನಿಧಾನವಾಗಿ, ತಲೆಯ ಹತ್ತಿರ ತಾರದೆ, ನಡೆದಾಡುವ ವೇಗದಲ್ಲಿ ಮಾಡುವುದಾದರೆ ಅಡ್ಡಿಯಿಲ್ಲವಂತೆ. ಹೊಸಬರಿಗೆ ನಾವು ಮಾಡಿಸುವ ನಿಧಾನದ ಅಭ್ಯಾಸ ಉಂಟಲ್ಲ, ಅದೇ. ಇಷ್ಟರಲ್ಲಿ ಮುಗಿಯಿತಾ ಎಂದು ನಾನು ಎರಡು ದಿನ ಅತ್ತೆ. ಮೂರನೆಯ ದಿನ, ಇಷ್ಟಾದರೂ ಉಳಿಯಿತಲ್ಲ ಎಂದುಕೊಂಡೆ. ಆದರೆ ಅದನ್ನು ಮಾಡಲೂ ಎದುರಿಗೆ ಒಬ್ಬರು ಬೇಕು. ಅಭಿರಾಮನ ಕೈ ಬಿಗಿ, ಅವನು ಬೇಡ. ನೀನು ನಿಲ್ಲಬೇಕು.

ಮೋಕ್ಷಿ


ನರಿಮೊಗರು
7 ಅಕ್ಟೋಬರ್ 2024

ಮೋಕ್ಷಿ,

ನಿನ್ನೆ ಹೇಳದೆ ಕೇಳದೆ ಮಿಲ್ಲಿನಿಂದ ಸ್ಕೂಟರ್ ಹತ್ತಿ ಹೊರಟುಬಂದದ್ದಕ್ಕೆ ಕ್ಷಮಿಸು. ಈ ಸಲ ಆ ಮಾತನ್ನು ಬರೆದಿದ್ದೇನೆ.

ತುಕ್ಕು ಉಜ್ಜುವವರೆಗೆ ಎಲ್ಲ ಸರಿಯಿತ್ತು. ನೀನು ಅಭಿರಾಮನಿಗೆ ಬಯ್ಯುತ್ತಾ ಎಣ್ಣೆ ಹಚ್ಚುತ್ತಿದ್ದದ್ದನ್ನು ನೋಡಿ ಮೇ ತಿಂಗಳು ಬಂದೇ ಇರಲಿಲ್ಲವೇನೋ ಎಂದು ಅನಿಸಿತು. ಆಮೇಲೆ ಮರದ ಕತ್ತಿ ಹಿಡಿದು ಎದುರು ನಿಂತೆವು. ಭುಜಕ್ಕೆ ಬರುವ ಏಟು, ನಿಧಾನ, ಒಂದು ಗೇಣು ದೂರದಲ್ಲಿ ನಿಲ್ಲಿಸುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮುಂದೆ ತಂದೆ. ನಿಲ್ಲಿಸಿದ್ದೇನೆ ಎಂದೇ ನಾನು ತಿಳಿದದ್ದು. ಅಷ್ಟರಲ್ಲಿ ನೀನು ತಾಗಿತು ಎಂದೆ.

ಅಷ್ಟು ಎಚ್ಚರ ಮಾಡಿಯೂ ನನ್ನ ಕೈ ಜಾರಿತು. ನಡೆದಾಡುವ ವೇಗದಲ್ಲೂ ನಿನಗೆ ತಾಗಿಸದೆ ಇರಲು ನನ್ನಿಂದ ಆಗುವುದಿಲ್ಲ ಎಂದಾಯಿತು. ತಲೆಗಿಂತ ಭುಜ ಎಷ್ಟು ದೂರ ಉಂಟು? ಇನ್ನು ನನ್ನನ್ನು ಕರೆಯಬೇಡ. ಕೀಯನ್ನು ಝುಲೈಖಾಳ ಅಂಗಡಿಯಲ್ಲಿ ಕೊಟ್ಟಿದ್ದೇನೆ.

ತನ್ಮಯೀ


ಅರಂತೋಡು
10 ಅಕ್ಟೋಬರ್ 2024

ಪ್ರೀತಿಯ ತನ್ಮಯೀ,

ಇದನ್ನು ಅಂಚೆಗೆ ಹಾಕಿದರೆ ಭಾನುವಾರದ ಒಳಗೆ ನಿನ್ನ ಕೈ ಸೇರುವುದಿಲ್ಲ. ನಾಳೆ ಆಯುಧ ಪೂಜೆ, ಅಪ್ಪ ಹೂವು ತರಲು ಈಗ ಪುತ್ತೂರಿಗೆ ಹೊರಟಿದ್ದಾರೆ. ಸುಳ್ಯದಲ್ಲಿ ಸಿಗದ ಹೂವು ಪುತ್ತೂರಿನಲ್ಲಿ ಎಂತದುಂಟು ಎಂದು ಅಮ್ಮ ಕೇಳಿದರು. ಅಪ್ಪ, ಕಾಗದ ಬರೆದು ಆಯಿತಾ ಎಂದು ನನ್ನನ್ನು ಕೇಳಿದರು. ಹಾಗಾಗಿ ಇದನ್ನು ನಿನ್ನ ಮನೆ ಬಾಗಿಲಿಗೆ ತಂದು ಕೊಡುವುದು ನನ್ನ ಅಪ್ಪ ಮೇದಪ್ಪ ಗೌಡರೇ. ಅವರಿಗೆ ಒಂದು ಲೋಟ ನೀರಾದರೂ ಕೊಡು.

ನಿನ್ನ ಕೈ ಜಾರಲಿಲ್ಲ.

ನೀನು ಕಣ್ಣು ಮುಚ್ಚಿಕೊಂಡಿದ್ದೆ. ಮಾಸ್ಕಿನ ಜಾಲರಿಯೊಳಗಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು, ಮಗುವಿಗೆ ಸೂಜಿ ಹಾಕಿಸುವಾಗ ತಾಯಂದಿರು ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ. ನಿನ್ನ ಕತ್ತಿ ನನ್ನ ಭುಜದಿಂದ ಒಂದು ಗೇಣು ದೂರದಲ್ಲಿ, ನೀನು ಅಂದುಕೊಂಡಲ್ಲೇ, ಬಂದು ನಿಂತಿತ್ತು. ಅಲ್ಲಿಂದ ಮುಂದೆ ಬರಲಿಲ್ಲ. ನಾನು ಕಾದೆ. ಇವಳು ಇನ್ನು ಈ ಗೇಣನ್ನು ಎಂದೂ ದಾಟುವುದಿಲ್ಲ ಎಂದು ನನಗೆ ಗೊತ್ತಾಯಿತು. ಆದ್ದರಿಂದ, ತಾಗಿದರೂ ಏನೂ ಆಗುವುದಿಲ್ಲ ಎಂದು ತೋರಿಸಲು, ನಾನೇ ಒಂದು ಹೆಜ್ಜೆ ಮುಂದಿಟ್ಟು ನಿನ್ನ ಕತ್ತಿಗೆ ಭುಜ ಕೊಟ್ಟೆ. ಝುಲೈಖಾ ನೋಡಿದ್ದಾಳೆ. ಆದರೆ ನಮ್ಮಲ್ಲಿ ನೋಡಿದವರ ಮಾತು ನಡೆಯುವುದಿಲ್ಲ, ತಾಗಿದವರೇ ಹೇಳಬೇಕು. ಹಾಗಾಗಿ ನಾನೇ ಹೇಳುತ್ತೇನೆ: ಅದು ನೀನು ತಾಗಿಸಿದ್ದಲ್ಲ.

ಹೇಳಬೇಕಾದದ್ದು ಇನ್ನೊಂದು ಬಾಕಿಯುಂಟು. ಮೇ ತಿಂಗಳಲ್ಲಿ ಹೇಳಬೇಕಿತ್ತು, ಆಗ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಾಸ್ಕಿನ ಎಡಬದಿಗೆ, ಕಿವಿಯ ಮೇಲ್ಭಾಗಕ್ಕೆ ಬಿತ್ತು ಎಂದು ನೀನು ಬರೆದ ಆ ಮೊದಲನೆಯದು. ಝುಲೈಖಾಳಿಂದ ಇಂಚಿಂಚೂ ಕೇಳಿ ತಿಳಿದುಕೊಂಡಿದ್ದೇನೆ. ನಾನು ಅಡ್ಡ ಹಿಡಿಯುವ ಮೊದಲೇ ಬಂದ ಚೊಕ್ಕ ಏಟು ಅದು, ಅಷ್ಟು ಭಾನುವಾರ ಸೋತ ಮೇಲೆ ನೀನು ಗೆದ್ದ ಏಟು. ಇಗೋ, ಎಡಗೈ ಎತ್ತಿದ್ದೇನೆ. ತಾಗಿತು, ತನ್ಮಯೀ.

ಎರಡನೆಯದಕ್ಕೆ ಇನ್ನೂ ಸಿಟ್ಟುಂಟು. ಅದು ಹೋಗುವಾಗ ಹೋಗಲಿ.

ಕೀ ಝುಲೈಖಾಳಿಂದ ನನ್ನ ಕೈಗೆ ಬಂದಿದೆ. ಭಾನುವಾರ ಬಾಗಿಲು ನಾನೇ ತೆಗೆಯುತ್ತೇನೆ. ಬಾ. ಈ ಸಲ ಕಣ್ಣು ಬಿಟ್ಟುಕೊಂಡು ನಿಲ್ಲು.

ನಿನ್ನ
ಮೋಕ್ಷಿ